ಬೆನ್ನ ಮೇಲಿನ ಹೆಸರು ಯಾರಿಗೆ ದುಡ್ಡು ತರುತ್ತದೆ?

ಕಾರವಾರದ ಬೈತಖೋಲ ಬಂದರಿಗೆ ಬೆಳಗ್ಗೆ ಬೋಟು ಬರುವ ಹೊತ್ತಿಗೆ ಹೋಗಿ ನೋಡಿ. ಮೀನಿನ ಬುಟ್ಟಿ ಇಳಿಸುವ ಹುಡುಗರಲ್ಲಿ ಅರ್ಧದಷ್ಟು ಜನರ ಮೈಮೇಲೆ ಫುಟ್‌ಬಾಲ್ ಜೆರ್ಸಿ ಇರುತ್ತದೆ. ಅದು ಅಗ್ಗ, ಬೇಗ ಒಣಗುತ್ತದೆ, ಉಪ್ಪು ನೀರಿಗೂ ಬಾಳಿಕೆ ಬರುತ್ತದೆ. ಬೆನ್ನ ಮೇಲೆ ಮೆಸ್ಸಿ 10, ರೊನಾಲ್ಡೊ 7. ಮೊನ್ನೆ ಒಬ್ಬ ಹುಡುಗನ ಬೆನ್ನ ಮೇಲೆ ‘ಸನ್ 7’ ಕಂಡಿತು. ಯಾರಪ್ಪ ಇವನು ಅಂತ ಕೇಳಿದೆ. ‘ಕೊರಿಯಾದವ, ಲಂಡನ್ನಿನ ಟಾಟನಂ ಕ್ಲಬ್ಬಿಗೆ ಆಡ್ತಿದ್ದ’ ಅಂದ. ಪಕ್ಕದಲ್ಲಿದ್ದ ನನ್ನ ಗೆಳೆಯ ಕೂಡಲೇ ಹೇಳಿದ: ‘ಯುರೋಪಿನ ಕ್ಲಬ್ಬುಗಳು ಏಷ್ಯಾದವರನ್ನ ತಗೊಳ್ಳೋದೇ ಜೆರ್ಸಿ ಮಾರೋಕೆ ಮಾರಾಯ, ಆಟಕ್ಕಲ್ಲ.’

ಈ ಮಾತಿಗೆ 30 ವರ್ಷ ವಯಸ್ಸಾಗಿದೆ. ಇದರಲ್ಲಿ ಸ್ವಲ್ಪ ನಿಜ ಇದೆ. ಆದರೆ ಆಟಗಾರರಿಗೆ ಇದರಿಂದ ಆದ ಅನ್ಯಾಯ ಜಾಸ್ತಿ.

ಕತೆ ಶುರುವಾಗುವುದು ಜಪಾನಿನಿಂದ. ಅಲ್ಲಿ ವೃತ್ತಿಪರ ಜೆ ಲೀಗ್ 1993ರಲ್ಲಿ ಆರಂಭವಾಯಿತು. ಅದರ ದೊಡ್ಡ ತಾರೆ ಕಜುಯೋಶಿ ಮಿಯುರಾ. ಮರು ವರ್ಷ ಇಟಲಿಯ ಜೆನೋವಾ ಕ್ಲಬ್ ಅವರನ್ನು ಒಂದು ಸೀಸನ್‌ಗೆ ಎರವಲು ಪಡೆಯಿತು. ಇಟಲಿಯ ಮೇಲಿನ ಲೀಗ್‌ನಲ್ಲಿ ಆಡಿದ ಮೊದಲ ಜಪಾನಿ ಅವರು. ಆ ಸೀಸನ್‌ನಲ್ಲಿ ಜೆನೋವಾ ಜೆರ್ಸಿಯ ಎದೆ ಮೇಲೆ ಇದ್ದ ಹೆಸರು ಕೆನ್‌ವುಡ್. ಸ್ಟೀರಿಯೊ ಮಾಡುವ ಜಪಾನಿ ಕಂಪನಿ. ಆಟಗಾರನ ಜೊತೆ ಪ್ರಾಯೋಜಕನೂ ಬಂದಿದ್ದು ಎಲ್ಲರ ಕಣ್ಣಿಗೂ ಬಿತ್ತು. ಮಿಯುರಾ ಹೊಡೆದ ಗೋಲು ಒಂದೇ. ಅದೂ ಅದೇ ಊರಿನ ಎದುರಾಳಿ ಸ್ಯಾಂಪ್‌ಡೋರಿಯಾ ಮೇಲೆ. ಸೀಸನ್ ಮುಗಿದಾಗ ಜೆನೋವಾ ಕೆಳಗಿನ ಲೀಗ್‌ಗೆ ಇಳಿಯಿತು, ಮಿಯುರಾ ಊರಿಗೆ ಮರಳಿದರು. ‘ದುಡ್ಡಿಗಾಗಿ ಬಂದವ’ ಎಂಬ ಹಣೆಪಟ್ಟಿ ಮಾತ್ರ ಅವರ ನಂತರ ಬಂದ ಎಲ್ಲ ಏಷ್ಯನ್ನರಿಗೂ ಅಂಟಿಕೊಂಡಿತು.

ಅದನ್ನು ಮೊದಲು ಕಿತ್ತು ಹಾಕಿದ್ದು ಜಪಾನಿನವರೇ ಆದ ಹಿಡೆತೋಶಿ ನಕಾಟಾ. 1998ರಲ್ಲಿ ಇಟಲಿಯ ಪೆರುಜಾ ಎಂಬ ಸಣ್ಣ ಕ್ಲಬ್ ಅವರನ್ನು ಕೊಂಡಿತು. ಮೊದಲ ಪಂದ್ಯವೇ ಯುವೆಂಟಸ್ ವಿರುದ್ಧ. ಪೆರುಜಾ 4-3ರಿಂದ ಸೋತರೂ ನಕಾಟಾ ಎರಡು ಗೋಲು ಹೊಡೆದರು. ಆಮೇಲೆ ನೋಡಿ, ಜಪಾನಿನಲ್ಲಿ ಪೆರುಜಾ ಜೆರ್ಸಿಗೆ ಬೇಡಿಕೆಯೋ ಬೇಡಿಕೆ. ಅವರ ಆಟ ನೋಡಲು ಜಪಾನಿನ ಪ್ರವಾಸಿಗರು ಆ ಬೆಟ್ಟದ ಊರಿಗೆ ಬಂದರು. 2000ದ ಜನವರಿಯಲ್ಲಿ ರೋಮಾ ಅವರನ್ನು ಕೊಂಡಿತು, 2001ರಲ್ಲಿ ಲೀಗ್ ಗೆದ್ದಿತು. ಇಲ್ಲಿ ಒಂದು ಸಂಗತಿ ಗಮನಿಸಬೇಕು. ಜೆರ್ಸಿ ಹಾಗೆ ಮಾರಾಟವಾಗಿದ್ದು ಗೋಲು ಬಿದ್ದ ಮೇಲೆ.

ಇಂಗ್ಲೆಂಡ್ ಇದನ್ನು ನೋಡಿ ಕಲಿಯಿತು, ತಪ್ಪಾಗಿಯೂ ಕಲಿಯಿತು. 2001ರಲ್ಲಿ ಆರ್ಸೆನಲ್ ಸೇರಿದ ಜಪಾನಿನ ಜುನಿಚಿ ಇನಮೊಟೊ ಅಲ್ಲಿ ಒಂದೂ ಲೀಗ್ ಪಂದ್ಯ ಆಡಲಿಲ್ಲ. 2002ರಲ್ಲಿ ಎವರ್ಟನ್‌ಗೆ ಚೀನಾದ ಮೊಬೈಲ್ ಕಂಪನಿ ಕೆಜಿಯಾನ್ ಪ್ರಾಯೋಜಕ ಆಯಿತು. ಅದರ ಜೊತೆಗೇ ಲೀ ಟಿಯೆ, ಲೀ ವೀಫೆಂಗ್ ಎಂಬ ಇಬ್ಬರು ಚೀನೀ ಆಟಗಾರರು ಬಂದರು. ಲೀ ಟಿಯೆ ಚೆನ್ನಾಗಿ ಆಡಿದರು, ಇನ್ನೊಬ್ಬರಿಗೆ ಸಿಕ್ಕಿದ್ದು ಒಂದೇ ಲೀಗ್ ಪಂದ್ಯ. ಮ್ಯಾಂಚೆಸ್ಟರ್ ಯುನೈಟೆಡ್ 2004ರಲ್ಲಿ ಡಾಂಗ್ ಫಾಂಗ್‌ಜುವೊ ಎಂಬ ಚೀನೀ ಯುವಕನನ್ನು ತಂದಿತು. ಅವರಿಗೆ ಕೆಲಸದ ಪರವಾನಗಿ ಸಿಗಲಿಲ್ಲ. ವರ್ಷಗಟ್ಟಲೆ ಬೆಲ್ಜಿಯಂನ ಆಂಟ್‌ವರ್ಪ್‌ನಲ್ಲಿ ಕಾದರು. ಕೊನೆಗೆ ಯುನೈಟೆಡ್ ಪರ ಆಡಿದ ಲೀಗ್ ಪಂದ್ಯ ಒಂದೇ ಒಂದು, 2007ರಲ್ಲಿ ಚೆಲ್ಸಿ ವಿರುದ್ಧ. ಅವರ ಕತೆ ಓದಿದಾಗೆಲ್ಲ ನನಗೆ ಸಂಕಟ ಆಗುತ್ತದೆ. ಹತ್ತೊಂಬತ್ತರ ಹುಡುಗನ ಮೇಲೆ ಇಡೀ ಚೀನಾದ ಮಾರುಕಟ್ಟೆಯ ಆಸೆ ಹೊರಿಸಿದರೆ ಅವನು ಆಡುವುದಾದರೂ ಹೇಗೆ?

ಸ್ಪೇನಿನ ರಿಯಲ್ ಮ್ಯಾಡ್ರಿಡ್ ದಾರಿ ಬೇರೆ. ಏಷ್ಯಾದ ಆಟಗಾರನನ್ನು ತರುವ ಬದಲು, ಏಷ್ಯಾ ಈಗಾಗಲೇ ಮೆಚ್ಚಿದವನನ್ನೇ ತಂದಿತು. 2003ರ ಬೇಸಿಗೆಯಲ್ಲಿ ಡೇವಿಡ್ ಬೆಕ್‌ಹ್ಯಾಮ್‌ರನ್ನು ಕೊಂಡು, ಕೂಡಲೇ ಬೀಜಿಂಗ್, ಟೋಕಿಯೊ, ಹಾಂಗ್‌ಕಾಂಗ್, ಬ್ಯಾಂಕಾಕ್ ಸುತ್ತಿಸಿತು. ‘ಬೆಕ್‌ಹ್ಯಾಮ್ ಬೆಲೆಯನ್ನು ಜೆರ್ಸಿಯೇ ತೀರಿಸಿತು’ ಎಂಬ ಮಾತು ಅಲ್ಲಿಂದ ಬಲವಾಗಿ ಹಬ್ಬಿತು. ಇವತ್ತಿಗೂ ಜನ ಅದನ್ನು ನಂಬುತ್ತಾರೆ.

ಲೆಕ್ಕ ಹಾಕಿ ನೋಡೋಣ. ದೊಡ್ಡ ಕ್ಲಬ್ಬುಗಳ ಜೆರ್ಸಿ ಹೊಲಿಸಿ ಮಾರುವುದು ಅಡಿಡಾಸ್, ನೈಕಿಯಂಥ ಕಂಪನಿಗಳು. ಅವು ಕ್ಲಬ್ಬಿಗೆ ವರ್ಷಕ್ಕಿಷ್ಟು ಅಂತ ಒಂದು ದೊಡ್ಡ ಮೊತ್ತ ಕೊಡುತ್ತವೆ. ಅಡಿಡಾಸ್ 2015ರಿಂದ 10 ವರ್ಷಕ್ಕೆ ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಒಪ್ಪಿದ್ದು 75 ಕೋಟಿ ಪೌಂಡ್. ಅದರ ಮೇಲೆ ಮಾರಾಟವಾದ ಜೆರ್ಸಿಯಲ್ಲಿ ಕ್ಲಬ್ಬಿನ ಪಾಲು ಸಾಮಾನ್ಯವಾಗಿ ನೂರಕ್ಕೆ 10ರಿಂದ 15. ಒಂದು ಜೆರ್ಸಿಗೆ 60 ಪೌಂಡ್ ಅಂದುಕೊಳ್ಳಿ, ಕ್ಲಬ್ಬಿಗೆ 6 ಪೌಂಡ್ ಬಂತು. 2 ಕೋಟಿ ಪೌಂಡ್ ಕೊಟ್ಟು ತಂದ ಆಟಗಾರನ ಬೆಲೆ ಹೀಗೆ ತೀರಬೇಕಾದರೆ ಅವನೊಬ್ಬನ ಹೆಸರಿನಲ್ಲೇ 33 ಲಕ್ಷ ಜೆರ್ಸಿ ಹೋಗಬೇಕು. ಅವನ ಸಂಬಳ ಬೇರೆ.

ಇನ್ನು ನಮ್ಮ ಬಂದರಿನ ಜೆರ್ಸಿಗಳ ವಿಷಯ. ಅವುಗಳಲ್ಲಿ ಹೆಚ್ಚಿನವು ‘ಫಸ್ಟ್ ಕಾಪಿ’, ಅಂದರೆ ನಕಲಿ. ಶಿರಸಿಯ ಮಾರಿಕಾಂಬಾ ಜಾತ್ರೆಯ ಅಂಗಡಿಗಳಲ್ಲೂ ಸಾಲಾಗಿ ತೂಗು ಹಾಕಿರುತ್ತಾರೆ. ಅದರಿಂದ ಕ್ಲಬ್ಬಿಗೆ ಒಂದು ಪೈಸೆಯೂ ಹೋಗುವುದಿಲ್ಲ. ಅಸಲಿ ನೋಡಬೇಕೆಂದರೆ ಭಟ್ಕಳದ ಕಡೆ ದುಬೈನಿಂದ ರಜೆಗೆ ಬಂದವರನ್ನು ಕೇಳಬೇಕು.

ಹಾಗಾದರೆ ದುಡ್ಡು ಎಲ್ಲಿಂದ? ಪ್ರಾಯೋಜಕರಿಂದ, ಟಿವಿ ಹಕ್ಕಿನಿಂದ, ಪ್ರವಾಸಿ ಪಂದ್ಯಗಳಿಂದ. ಒಂದು ದೇಶದ ಜನ ಬೆಳಗಿನ ಜಾವ ಎದ್ದು ಪಂದ್ಯ ನೋಡಿದರೆ ಆ ದೇಶದ ಟೈರ್ ಕಂಪನಿ, ಬ್ಯಾಂಕು ಬಂದು ಬಾಗಿಲು ತಟ್ಟುತ್ತವೆ. ಜೆರ್ಸಿ ಅದರ ಗುರುತು ಅಷ್ಟೇ.

ಕೊರಿಯಾದ ಪಾರ್ಕ್ ಜಿ-ಸಂಗ್ ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಬಂದಾಗ, 2005ರಲ್ಲಿ, ‘ಸೋಲ್‌ನಲ್ಲಿ ಅಂಗಿ ಮಾರಲು ತಂದಿದ್ದಾರೆ’ ಅಂತ ಬರೆದರು. ಏಳು ವರ್ಷದಲ್ಲಿ ಅವರು 205 ಪಂದ್ಯ ಆಡಿದರು, ನಾಲ್ಕು ಲೀಗ್ ಗೆದ್ದರು. 2010ರಲ್ಲಿ ಇಟಲಿಯ ಮಿಲಾನ್ ಕ್ಲಬ್ಬಿನ ಪಿರ್ಲೊ ಹಿಂದೆ ನೆರಳಿನಂತೆ ಓಡಿ ಅವರನ್ನು ಕಟ್ಟಿಹಾಕಿದ್ದನ್ನು ನೋಡಿದವರು ಮರೆಯಲ್ಲ. ಪಾರ್ಕ್ ಅಲ್ಲಿದ್ದಾಗಲೇ ಕೊರಿಯಾದ ಕುಮ್ಹೊ ಟೈರ್ ಯುನೈಟೆಡ್ ಪ್ರಾಯೋಜಕರ ಸಾಲಿಗೆ ಸೇರಿತು. ಬಂದರಿನ ಆ ಹುಡುಗನ ಬೆನ್ನ ಮೇಲಿದ್ದ ಸನ್ ಹ್ಯೂಂಗ್-ಮಿನ್ 2015ರಲ್ಲಿ ಟಾಟನಂಗೆ ಬಂದು ಹತ್ತು ವರ್ಷ ಇದ್ದರು, ನಾಯಕರೂ ಆದರು, 2025ರಲ್ಲಿ ಯುರೋಪಾ ಲೀಗ್ ಎತ್ತಿ ಹಿಡಿದು ಲಾಸ್ ಏಂಜಲೀಸ್‌ಗೆ ಹೋದರು. ಹತ್ತು ವರ್ಷ ಯಾರೂ ಒಬ್ಬನನ್ನು ಸುಮ್ನೆ ಜೆರ್ಸಿಗಾಗಿ ಇಟ್ಟುಕೊಳ್ಳುವುದಿಲ್ಲ, ಅಲ್ವಾ?

ಭಾರತದಷ್ಟು ದೊಡ್ಡ ಮಾರುಕಟ್ಟೆಗಾಗಿ ಇಲ್ಲಿಂದ ಯಾಕೆ ದೊಡ್ಡ ಲೀಗಿಗೆ ಒಬ್ಬರನ್ನೂ ಒಯ್ಯಲಿಲ್ಲ? ಒಯ್ಯಲು ನೋಡಿದ್ದರು. ಭೈಚುಂಗ್ ಭುಟಿಯಾ 1999ರಲ್ಲಿ ಇಂಗ್ಲೆಂಡಿನ ಬರಿ ಕ್ಲಬ್ ಸೇರಿದರು. ಅದು ಮೂರನೇ ಹಂತದ ಲೀಗ್. ಹತ್ತು ವರ್ಷದ ನಂತರ ಸುನಿಲ್ ಛೆಟ್ರಿ ಲಂಡನ್ನಿನ ಕ್ವೀನ್ಸ್ ಪಾರ್ಕ್ ರೇಂಜರ್ಸ್ ಜೊತೆ ಒಪ್ಪಂದ ಮಾಡಿಕೊಂಡರೂ ಪರವಾನಗಿ ಸಿಗಲಿಲ್ಲ. ಆಗಿನ ನಿಯಮದಂತೆ ಆಟಗಾರನ ದೇಶ ಫಿಫಾ ಪಟ್ಟಿಯ ಮೊದಲ 70ರಲ್ಲಿ ಇರಬೇಕಿತ್ತು. ನಾವು ಎಷ್ಟೋ ಕೆಳಗಿದ್ದೆವು. ನೋಡುವವರು ಕೋಟಿಗಟ್ಟಲೆ, ಆಡಲು ಹೋಗಲು ಬಾಗಿಲಿಲ್ಲ.

ಹಾಗಾಗಿ ಇಲ್ಲಿ ವ್ಯಾಪಾರ ಉಲ್ಟಾ ದಿಕ್ಕಿನಲ್ಲಿ ನಡೆಯಿತು. 2014ರಲ್ಲಿ ಇಂಡಿಯನ್ ಸೂಪರ್ ಲೀಗ್ ಶುರುವಾದಾಗ ಹಳೆಯ ತಾರೆಗಳನ್ನು ಕರೆತಂದರು. ದೆಹಲಿಗೆ ಡೆಲ್ ಪಿಯೆರೊ, ಪುಣೆಗೆ ಟ್ರೆಜೆಗೆ, ಗೋವಾಕ್ಕೆ ರಾಬರ್ಟ್ ಪಿರೆಸ್. ಗೋವಾದ ಕೋಚ್ ಝಿಕೊ. ನಮಗೆ ಮಾಜಾಳಿ ದಾಟಿದರೆ ಗೋವಾ. ಆ ಮೊದಲ ಸೀಸನ್‌ನಲ್ಲಿ ನಾವು ನಾಲ್ವರು ಕಾರವಾರದಿಂದ ರೈಲು ಹತ್ತಿ ಮಡಗಾಂವಿಗೆ ಹೋಗಿ, ಫಾತೋರ್ಡಾ ಮೈದಾನದಲ್ಲಿ ಕೂತಿದ್ದೆವು. ಪಿರೆಸ್‌ಗೆ 41 ವರ್ಷ. ಓಟ ಕಡಿಮೆಯಾಗಿತ್ತು, ಆದರೆ ಚೆಂಡು ಕಾಲಿಗೆ ಬಂದಾಗ ಸುತ್ತಲಿನವರೆಲ್ಲ ಎದ್ದು ನಿಲ್ಲುತ್ತಿದ್ದರು. ಅವರನ್ನು ಕಣ್ಣಾರೆ ನೋಡಿದ ಖುಷಿ ಈಗಲೂ ಇದೆ. ಆದರೂ ಅಂಥ ಹೆಸರುಗಳು ಒಂದು ಸೀಸನ್ ನಿಂತು ಹೋದವು. ಮ್ಯಾಂಚೆಸ್ಟರ್ ಸಿಟಿಯ ಒಡೆಯರ ಗುಂಪು 2019ರಲ್ಲಿ ಮುಂಬೈ ಸಿಟಿ ಕ್ಲಬ್ಬಿನ ಶೇ 65 ಪಾಲನ್ನು ಕೊಂಡಿತು, 2025ರ ಕೊನೆಗೆ ಕೈಬಿಟ್ಟಿತು. ಆ ವರ್ಷ ಲೀಗ್ ಸಮಯಕ್ಕೆ ಶುರುವೇ ಆಗಿರಲಿಲ್ಲ.

ಇಷ್ಟರ ನಡುವೆ ಹೆಚ್ಚು ಸದ್ದಿಲ್ಲದೆ ಇನ್ನೊಂದು ಆಯಿತು. ಸ್ಕಾಟ್ಲೆಂಡಿನ ರೇಂಜರ್ಸ್ 2019ರಲ್ಲಿ ಬೆಂಗಳೂರು ಎಫ್‌ಸಿ ಜೊತೆ ಕೈಜೋಡಿಸಿತು. ಅದರ ಕಣ್ಣು ಭಾರತದ ಮಾರುಕಟ್ಟೆ ಮೇಲೆಯೂ ಇತ್ತು. 2020ರ ಜನವರಿಯಲ್ಲಿ ಮಣಿಪುರದ ಬಾಲಾ ದೇವಿಗೆ ಅದು ಕರಾರು ಕೊಟ್ಟಿತು. ಯುರೋಪಿನಲ್ಲಿ ವೃತ್ತಿಪರ ಕರಾರು ಪಡೆದ ಮೊದಲ ಭಾರತೀಯ ಮಹಿಳೆ ಅವರು. ಅದೇ ವರ್ಷ ಡಿಸೆಂಬರ್‌ನಲ್ಲಿ ಗೋಲನ್ನೂ ಹೊಡೆದರು.

ಪೇಟೆಯಲ್ಲಿ ಜೆರ್ಸಿಗೆ ಹೆಸರು ಅಚ್ಚು ಹಾಕಿಕೊಡುವ ಅಂಗಡಿಯಲ್ಲಿ ಕಳೆದ ವಾರ ಕೇಳಿದೆ, ಭಾರತದ ಹೆಸರು ಯಾವುದು ಹೋಗುತ್ತದೆ ಅಂತ. ‘ಛೆಟ್ರಿ 11 ಆಗೊಮ್ಮೆ ಈಗೊಮ್ಮೆ. ಬೇರೆ ಯಾರೂ ಕೇಳೋದಿಲ್ಲ’ ಅಂದರು. ನನ್ನ ಅಣ್ಣನ ಮಗಳು ಶಾಲೆಯ ತಂಡದಲ್ಲಿ ಆಡುತ್ತಾಳೆ. ಅವಳ ಅಳತೆ ಕೊಟ್ಟು, ಚೀಟಿಯಲ್ಲಿ ‘ಬಾಲಾ ದೇವಿ’ ಅಂತ ಬರೆದೆ. ‘ಇವರು ಯಾವ ಟೀಮು?’ ಅಂತ ಕೇಳಿದರು ಅಂಗಡಿಯವರು. ಹೇಳುತ್ತಾ ನಿಂತವನಿಗೆ ಅರ್ಧ ಗಂಟೆ ಹೋಗಿದ್ದೇ ಗೊತ್ತಾಗಲಿಲ್ಲ.