ಹೈಡೆಲ್‌ಬರ್ಗ್‌ನ ಕೋಟೆಯನ್ನು ಸೇತುವೆಯಿಂದಲೇ ನೋಡಿದರೆ ಸಾಲದೇ?

ಓದುಗರ ಪ್ರಶ್ನೆ: ಜರ್ಮನಿಯಲ್ಲಿ ಕೆಲಸಕ್ಕಿರುವ ಮಗನ ಮನೆಗೆ ಹೋಗುತ್ತಿದ್ದೇವೆ. ಹೈಡೆಲ್‌ಬರ್ಗ್‌ಗೆಂದು ಒಂದು ದಿನವನ್ನು ಮೀಸಲಿಟ್ಟಿದ್ದೇವೆ. ಅಲ್ಲಿನ ಕೋಟೆ ಅರ್ಧಕ್ಕರ್ಧ ಪಾಳು ಬಿದ್ದಿದೆ, ಒಳಗೆ ನೋಡುವಂಥದ್ದು ಏನೂ ಇಲ್ಲ, ಸೇತುವೆಯ ಮೇಲೆ ನಿಂತು ನೋಡಿದರೆ ಸಾಕು ಎಂದು ಹೋಗಿಬಂದವರು ಹೇಳುತ್ತಾರೆ. ನನ್ನ ಪತ್ನಿಗೆ ಮೊಣಕಾಲು ನೋವೂ ಇದೆ. ಟಿಕೆಟ್ ಕೊಂಡು ಮೇಲೆ ಹೋಗಬೇಕೆ?

ಉತ್ತರ: ಹೋಗಬೇಕು. ಆದರೆ ಸಿಂಹಾಸನ, ಕನ್ನಡಿಮಹಲು, ದೀಪಗೊಂಚಲುಗಳನ್ನು ನಿರೀಕ್ಷಿಸಿ ಹೋದರೆ ನಿಮಗೆ ಹಾಗೆ ಹೇಳಿದವರಿಗಾದ ನಿರಾಶೆಯೇ ನಿಮಗೂ ಆದೀತು. ಅಲ್ಲಿ ನೋಡಬೇಕಾದದ್ದು ಪಾಳನ್ನೇ. ಅದು ಹೇಗೆ ಪಾಳಾಯಿತು, ಏಕೆ ಪಾಳಾಗಿಯೇ ಉಳಿಯಿತು ಎಂಬುದು ತಿಳಿದಿದ್ದರೆ ಆ ಕೆಂಪು ಮರಳುಗಲ್ಲಿನ ಗೋಡೆಗಳು ಬೇರೆಯೇ ಆಗಿ ಕಾಣುತ್ತವೆ.

ನೆಕಾರ್ ನದಿಯ ದಕ್ಷಿಣ ದಡದಲ್ಲಿ, ಹಳೆಯ ಪಟ್ಟಣಕ್ಕಿಂತ ಸುಮಾರು 80 ಮೀಟರ್ ಎತ್ತರದಲ್ಲಿರುವ ಈ ಕೋಟೆ ಪ್ಯಾಲಟಿನೇಟ್ ಪ್ರಾಂತ್ಯದ ದೊರೆಗಳ ನಿವಾಸವಾಗಿತ್ತು. ಫ್ರಾನ್ಸಿನ ಹದಿನಾಲ್ಕನೆಯ ಲೂಯಿ ಆ ಪ್ರಾಂತ್ಯದ ಮೇಲೆ ಹಕ್ಕು ಸಾಧಿಸಲು ಹೂಡಿದ ಯುದ್ಧದಲ್ಲಿ ಅವನ ಸೈನ್ಯವು 1689ರಲ್ಲಿ ಒಮ್ಮೆ, 1693ರಲ್ಲಿ ಮತ್ತೊಮ್ಮೆ ಇದನ್ನು ಸುಟ್ಟು, ಸಿಡಿಮದ್ದಿಟ್ಟು ಒಡೆಯಿತು. ಪೂರ್ವದ ಅಂಚಿನಲ್ಲಿರುವ ಸಿಡಿದ ಬುರುಜಿನ ಮುಂದೆ ಐದು ನಿಮಿಷ ನಿಂತುಕೊಳ್ಳಿ. ಆರು ಮೀಟರಿಗೂ ದಪ್ಪವಿರುವ ಅದರ ಗೋಡೆ ಪುಡಿಯಾಗಲಿಲ್ಲ; ತೆಂಗಿನಕಾಯಿಯ ಹೋಳಿನಂತೆ ಒಂದು ಭಾಗ ಇಡಿಯಾಗಿ ಕಳಚಿಕೊಂಡು ಕಂದಕಕ್ಕೆ ಜಾರಿತು, ಇಂದಿಗೂ ಅಲ್ಲಿಯೇ ಒರಗಿಕೊಂಡಿದೆ. ನನ್ನ ಮಟ್ಟಿಗೆ ಇಡೀ ಕೋಟೆಯಲ್ಲಿ ಇದಕ್ಕಿಂತ ಮಿಗಿಲಾದ ನೋಟವಿಲ್ಲ. ಇದು ಸೇತುವೆಯ ಮೇಲೆ ನಿಂತವರಿಗೆ ಸಿಕ್ಕುವುದೂ ಇಲ್ಲ.

ಆಮೇಲೆ ದೊರೆಗಳೇ ಊರು ಬಿಟ್ಟರು. 1720ರಲ್ಲಿ ಕಾರ್ಲ್ ಫಿಲಿಪ್ ಪಟ್ಟಣದ ಪ್ರಾಟೆಸ್ಟಂಟರೊಡನೆ ದೊಡ್ಡ ಚರ್ಚಿನ ವಿಚಾರಕ್ಕೆ ಜಗಳವಾಡಿ ತನ್ನ ರಾಜಧಾನಿಯನ್ನು ಮ್ಯಾನ್‌ಹೈಮ್‌ಗೆ ಸಾಗಿಸಿದ. ಅವನ ನಂತರದ ಕಾರ್ಲ್ ಥಿಯೋಡೋರ್ ಕೋಟೆಗೆ ಮರಳುವ ಯೋಚನೆಯಲ್ಲಿದ್ದಾಗ, 1764ರಲ್ಲಿ ಸಿಡಿಲು ಬಡಿದು ಉಳಿದದ್ದೂ ಹೊತ್ತಿ ಉರಿಯಿತು. ಅಲ್ಲಿಗೆ ಆ ಯೋಚನೆಯೂ ಮುಗಿಯಿತು. ಪಟ್ಟಣದ ಜನ ಮನೆ ಕಟ್ಟಿಕೊಳ್ಳಲು ಅಲ್ಲಿಂದ ಕಲ್ಲು ಸಾಗಿಸತೊಡಗಿದರು. ಅದನ್ನು ತಡೆಯಲು ಹೆಣಗಿದವನು, ವಿಚಿತ್ರವೆಂದರೆ, ಫ್ರೆಂಚನೇ: 1810ರಲ್ಲಿ ಬಂದು, 1864ರಲ್ಲಿ ಸಾಯುವವರೆಗೆ ಇಲ್ಲಿಯೇ ನೆಲೆಸಿ, ಅವಶೇಷಗಳ ಚಿತ್ರ ಬರೆದು ಮುದ್ರಿಸಿ ಅವುಗಳಿಗೆ ಹೆಸರು ತಂದ ಶಾರ್ಲ್ ದ ಗ್ರೈಂಬೆರ್ಗ್.

ಹಣವಿದ್ದ ಜರ್ಮನರು ಇದನ್ನು ಮತ್ತೆ ಏಕೆ ಕಟ್ಟಲಿಲ್ಲ ಎಂದು ನೀವು ಕೇಳಬಹುದು. ಅಂಗಳದಲ್ಲಿ ನಿಂತರೆ ಉತ್ತರ ಎದುರಿಗೇ ಇದೆ. ಅಲ್ಲಿ ಚಾವಣಿ ಸಮೇತ ಪೂರ್ಣವಾಗಿ ಕಾಣುವ ಫ್ರೀಡ್ರಿಕ್ ಮಹಲನ್ನು 1897ರಿಂದ 1900ರ ಅವಧಿಯಲ್ಲಿ ದುರಸ್ತಿ ಮಾಡಲಾಯಿತು. ಅದರ ಪಕ್ಕದ, 16ನೆಯ ಶತಮಾನದ ಓಟ್‌ಹೈನ್‌ರಿಕ್ ಮಹಲಿನಲ್ಲಿ ಶಿಲ್ಪಗಳ ಮುಂಗೋಡೆ ಮಾತ್ರ ಎತ್ತರಕ್ಕೆ ನಿಂತಿದೆ, ಮೇಲಿನ ಕಿಟಕಿಗಳಲ್ಲಿ ಆಕಾಶ ಕಾಣುತ್ತದೆ. ಇದನ್ನೂ ಮರಳಿ ಕಟ್ಟಬೇಕೆಂಬ ಪ್ರಸ್ತಾಪ ಬಂದಾಗ ಕಲಾ ಇತಿಹಾಸಕಾರ ಗೇಯೊರ್ಗ್ ಡೇಹಿಯೋ ಮೊದಲಾದವರು, ಇರುವುದನ್ನು ಕಾಪಾಡುವುದಷ್ಟೇ ನಮ್ಮ ಕೆಲಸ, ಇಲ್ಲದ್ದನ್ನು ಊಹಿಸಿ ಕಟ್ಟುವುದಲ್ಲ ಎಂದು ವಿರೋಧಿಸಿದರು. ಅವರ ಮಾತು ಗೆದ್ದಿತು. ಎರಡೂ ಮಹಲುಗಳನ್ನು ಒಂದೇ ನೋಟದಲ್ಲಿ ಹೋಲಿಸಿ ನೋಡಿದಾಗ ಅವರು ಹೇಳಿದ್ದು ಸರಿಯೆಂದೇ ನನಗನ್ನಿಸುತ್ತದೆ.

ಮೊಣಕಾಲಿನ ವಿಚಾರಕ್ಕೆ ಬರೋಣ. ಹಳೆಯ ಪಟ್ಟಣದ ಕೋರ್ನ್‌ಮಾರ್ಕ್ಟ್ ಚೌಕದ ಬಳಿಯಿಂದ, ಕೇಬಲ್ ಎಳೆಯುವ ಬೆಟ್ಟದ ರೈಲು 1890ರಿಂದಲೂ ಓಡುತ್ತಿದ್ದು, ಕೆಲವೇ ನಿಮಿಷಗಳಲ್ಲಿ ಕೋಟೆಯ ನಿಲ್ದಾಣಕ್ಕೆ ಮುಟ್ಟಿಸುತ್ತದೆ. ಆದ್ದರಿಂದ ಮೆಟ್ಟಿಲ ದಾರಿಯ ಗೋಜಿಗೆ ಹೋಗಬೇಡಿ. ಕೋಟೆಯ ಟಿಕೆಟ್ಟಿನಲ್ಲಿಯೇ ಈ ರೈಲಿನ ಪ್ರಯಾಣ, ಅಂಗಳ, ದೊಡ್ಡ ಪೀಪಾಯಿ ಮತ್ತು ಔಷಧಾಲಯದ ಮ್ಯೂಸಿಯಂ ಸೇರಿರುತ್ತವೆ. ಮಹಲುಗಳ ಒಳಕೋಣೆಗಳನ್ನು ಮಾತ್ರ ಮಾರ್ಗದರ್ಶಿಯೊಡನೆ, ಬೇರೆ ಟಿಕೆಟ್ ಪಡೆದು ನೋಡಬೇಕು; ಒಂದೇ ದಿನವಿರುವವರು ಅದನ್ನು ಬಿಟ್ಟರೆ ನಷ್ಟವೇನಿಲ್ಲ. 1751ರ ಪೀಪಾಯಿ ಎರಡು ಲಕ್ಷ ಲೀಟರಿಗೂ ಹೆಚ್ಚು ವೈನ್ ಹಿಡಿಯುವಷ್ಟು ದೊಡ್ಡದು, ಅದರ ನೆತ್ತಿಯ ಮೇಲೆ ಕುಣಿಯುವ ಕಟ್ಟೆಯಿದೆ. ಮೇಲೇರಲು ಮೆಟ್ಟಿಲುಗಳಿರುವುದರಿಂದ ನಿಮ್ಮ ಪತ್ನಿಯವರು ಕೆಳಗಿನಿಂದಲೇ ನೋಡಲಿ. ಔಷಧಾಲಯದ ಮ್ಯೂಸಿಯಂಗೆ ಒಂದು ಗಂಟೆ ಕೊಡಿ. ಹಳೆಯ ಮರದ ಕಪಾಟು, ಪಿಂಗಾಣಿ ಭರಣಿಗಳ ಸಾಲು ನಿರೀಕ್ಷೆಗಿಂತ ಚೆನ್ನಾಗಿವೆ. ಅಂಗಳಕ್ಕೆ ಕಲ್ಲು ಹಾಸಿದ್ದಾರೆ, ಗಟ್ಟಿ ಅಡಿಯ ಷೂ ಇರಲಿ.

ಮೋಲ್ಕೆನ್‌ಕೂರ್ ಎಂಬಲ್ಲಿ ರೈಲು ಬದಲಿಸಿದರೆ 1907ರಲ್ಲಿ ಆರಂಭವಾದ ಮೇಲಿನ ಮಾರ್ಗದ ಹಳೆಯ ಮರದ ಬೋಗಿಗಳು ಸುಮಾರು 568 ಮೀಟರ್ ಎತ್ತರದ ಕ್ಯೋನಿಗ್‌ಸ್ಟೂಲ್ ಶಿಖರಕ್ಕೆ ಒಯ್ಯುತ್ತವೆ. ಇದಕ್ಕೆ ಹೆಚ್ಚುವರಿ ಹಣ ಕೊಡಬೇಕು. ಆಕಾಶ ತಿಳಿಯಾಗಿದ್ದು ರೈನ್ ನದಿಯ ಬಯಲು ಕಾಣುವಂತಿದ್ದರೆ ಹೋಗಿ, ಮೋಡವಿದ್ದರೆ ಬೇಡ. ತಪಾಸಣೆಗಾಗಿ ರೈಲು ನಿಲ್ಲುವ ದಿನಗಳೂ ಇರುತ್ತವೆ. ಹೊರಡುವ ಮುನ್ನ ಮಗನಿಗೆ ಹೇಳಿ ವೇಳಾಪಟ್ಟಿ, ದರ ಎರಡನ್ನೂ ನೋಡಿಸಿ.

ಸೇತುವೆಯಿಂದ ನೋಡಿದರೆ ಸಾಕು ಎಂದವರ ಮಾತಿನಲ್ಲಿ ಅರ್ಧ ಸತ್ಯವಿದೆ: ಕೋಟೆ ಪೂರ್ತಿಯಾಗಿ ಕಾಣುವುದು ದೂರದಿಂದಲೇ. ಆದರೆ ಅದಕ್ಕೆ ಸೇತುವೆಗಿಂತ ಎದುರು ದಡದ ಬೆಟ್ಟದ ಮೇಲಿರುವ ತತ್ತ್ವಜ್ಞಾನಿಗಳ ಹಾದಿ, ಅಂದರೆ ಫಿಲೊಸೊಫೆನ್‌ವೇಗ್, ಲೇಸು. ಕೋಟೆ ಬೆಟ್ಟದ ಉತ್ತರ ಇಳಿಜಾರಿನಲ್ಲಿರುವುದರಿಂದ ನಡುಹಗಲಿನಲ್ಲಿ ಸೂರ್ಯ ಅದರ ಬೆನ್ನಿಗಿದ್ದು, ಇಲ್ಲಿಂದ ನೋಡುವವರಿಗೆ ಗೋಡೆಗಳು ಕಪ್ಪಾಗಿ ಕಾಣುತ್ತವೆ. ಬೇಸಿಗೆಯ ಇಳಿಹೊತ್ತಿನಲ್ಲಿ ಪಶ್ಚಿಮದ ಬಿಸಿಲು ಬಿದ್ದಾಗ ಕಲ್ಲಿನ ಕೆಂಪು ಹೊರಬರುತ್ತದೆ. ಹಾಗಾಗಿ ಬೆಳಿಗ್ಗೆ ಕೋಟೆ, ಸಂಜೆ ಈ ಹಾದಿ ಎಂದು ಇಟ್ಟುಕೊಳ್ಳಿ. ಹಳೆಯ ಸೇತುವೆಯ ಕಡೆಯಿಂದ ಹತ್ತುವ ಶ್ಲಾಂಗೆನ್‌ವೇಗ್, ಅಂದರೆ ಹಾವಿನ ಹಾದಿ, ಬಹಳ ಕಡಿದು. ನೋಯೆನ್‌ಹೈಮ್ ಕಡೆಯಿಂದ ಹೋದರೆ ಮೊದಲಿಗೆ ಏರು ಇದ್ದರೂ ದಾರಿ ನಯವಾಗಿದೆ. ಅದೂ ಆಗದಿದ್ದರೆ ಉತ್ತರ ದಡದ ಹುಲ್ಲಿನ ಮೇಲೆ ಕುಳಿತೇ ನೋಡಬಹುದು. ಅಂದ ಹಾಗೆ, ನಿಮ್ಮೆದುರು ಹರಿಯುವ ಈ ನೆಕಾರ್ ಬರುವುದು ಟ್ಯೂಬಿಂಗೆನ್ ದಾಟಿಕೊಂಡು. ಕನ್ನಡ ನಿಘಂಟಿನ ಕಿಟೆಲ್ 1903ರಲ್ಲಿ ತೀರಿಕೊಂಡದ್ದು ಆ ಊರಿನಲ್ಲಿ.

ನಿಮ್ಮ ಮಗನಿಗೆ ಕಾಲಲ್ಲಿ ಕಸುವಿದ್ದರೆ, ನೀವು ಕುಳಿತಿರುವಾಗ ಆತ ಇನ್ನೂ ಮೇಲಕ್ಕೆ, 440 ಮೀಟರ್ ಎತ್ತರದ ಹೈಲಿಗೆನ್‌ಬರ್ಗ್‌ಗೆ ಹೋಗಿಬರಬಹುದು. ಅಲ್ಲಿ ಕೆಲ್ಟ್ ಜನರ ಕೋಟೆಗೋಡೆಯ ಕುರುಹು, 11ನೆಯ ಶತಮಾನದ ಸಂತ ಮಿಖಾಯೆಲ್ ಮಠದ ಅವಶೇಷ, ಮತ್ತು ನಾಜಿಗಳು 1935ರಲ್ಲಿ ಉದ್ಘಾಟಿಸಿದ ಬೃಹತ್ ಬಯಲು ರಂಗಮಂದಿರ ಒಂದರ ಹತ್ತಿರ ಒಂದಿವೆ. ಆ ರಂಗಮಂದಿರದ ಕಲ್ಲಿನ ಮೆಟ್ಟಿಲುಸಾಲುಗಳು ಮಾತ್ರ ಎಲ್ಲಿಯೂ ಪಾಳು ಬಿದ್ದಂತೆ ಕಾಣುವುದಿಲ್ಲ.