ಸೊಳ್ಳೆಯ ಹೊಟ್ಟೆ ಸೇರಿದ್ದು ಮಲೇರಿಯಾ ಪರಾವಲಂಬಿಗೆ ಗೊತ್ತಾಗುವುದು ಹೇಗೆ?

1880ರ ನವೆಂಬರ್ 6. ಅಲ್ಜೀರಿಯಾದ ಕಾನ್‌ಸ್ಟಂಟೀನ್ ಊರಿನ ಸೇನಾ ಆಸ್ಪತ್ರೆಯಲ್ಲಿ ಫ್ರೆಂಚ್ ವೈದ್ಯ ಲಾವೆರಾನ್ ಜ್ವರ ಬಂದ ಸೈನಿಕನೊಬ್ಬನ ರಕ್ತವನ್ನು ಮೈಕ್ರೋಸ್ಕೋಪಿನಲ್ಲಿ ನೋಡುತ್ತಿದ್ದರು. ದುಂಡನೆಯ ಒಂದು ಕಣದಿಂದ ಸಣ್ಣ ಎಳೆಗಳು ಚಿಮ್ಮಿ ಬಂದು, ಸುತ್ತಲಿನ ಕೆಂಪು ರಕ್ತಕಣಗಳನ್ನು ತಳ್ಳಾಡುತ್ತಾ ಜೋರಾಗಿ ಬಡಿದಾಡುತ್ತಿದ್ದವು. ಇದಕ್ಕೆ ಜೀವ ಇದೆ ಅಂತ ಅವರಿಗೆ ಖಾತ್ರಿಯಾಯಿತು. ಮಲೇರಿಯಾದ ಕಾರಣ ಸಿಕ್ಕಿದ್ದು ಹೀಗೆ.

ವಿಚಿತ್ರ ಏನು ಗೊತ್ತಾ, ಆ ಎಳೆಗಳು ರೋಗಿಯ ಮೈಯೊಳಗೆ ಇರುವುದೇ ಇಲ್ಲ! ರಕ್ತ ಹೊರಗೆ ಬಂದು ಸ್ವಲ್ಪ ಹೊತ್ತಾದ ಮೇಲೆ ಮಾತ್ರ ಕಾಣುತ್ತವೆ. ಅದಕ್ಕೇ ಇಟಲಿಯ ಕೆಲವರು ಇದನ್ನು ಸಾಯುತ್ತಿರುವ ಪರಾವಲಂಬಿಯ ಒದ್ದಾಟ ಅಂದರು. 1897ರಲ್ಲಿ ಮ್ಯಾಕ್‌ಕ್ಯಾಲಮ್ ಎಂಬ ಸಂಶೋಧಕರು, ಹಕ್ಕಿಗಳ ರಕ್ತದಲ್ಲಿರುವ ಇದೇ ಬಳಗದ ಪರಾವಲಂಬಿಯಲ್ಲಿ ಅಂಥ ಒಂದು ಎಳೆ ಇನ್ನೊಂದು ಕಣದೊಳಗೆ ನುಗ್ಗುವುದನ್ನು ಕಂಡರು. ಸಾವಲ್ಲ, ಅದು ಗಂಡು ಹೆಣ್ಣು ಕೂಡುವ ಹೊತ್ತು. ಅದೇ ವರ್ಷ ಬ್ರಿಟಿಷ್ ವೈದ್ಯ ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯ ಗೋಡೆಯಲ್ಲಿ ಪರಾವಲಂಬಿಯನ್ನು ಪತ್ತೆ ಮಾಡಿದರು.

ಆ ಗಂಡು ಹೆಣ್ಣು ಕೂಡುವುದು ಸೊಳ್ಳೆಯ ಹೊಟ್ಟೆಯಲ್ಲೇ. ಅಂದರೆ ಲಾವೆರಾನ್ ಗಾಜಿನ ಮೇಲೆ ಇಟ್ಟ ರಕ್ತವನ್ನು ಪರಾವಲಂಬಿ ಸೊಳ್ಳೆಯ ಹೊಟ್ಟೆ ಅಂತಲೇ ತಿಳಿದಿತ್ತು. ಯಾಕೆ? ಮನುಷ್ಯನ ಮೈಬಿಸಿಗಿಂತ ಸುಮಾರು 5 ಡಿಗ್ರಿ ಸೆಲ್ಸಿಯಸ್ ಇಳಿದರೆ ಅದಕ್ಕೆ ಮೊದಲ ಸೂಚನೆ. ಗಾಳಿಗೆ ತೆರೆದ ರಕ್ತದಿಂದ ಇಂಗಾಲದ ಡೈಆಕ್ಸೈಡ್ ಹೋಗಿ ಆಮ್ಲೀಯತೆ ಕಡಿಮೆಯಾದರೆ ಎರಡನೆಯದು. ಸೊಳ್ಳೆಯೊಳಗೆ ಇನ್ನೊಂದು ರಾಸಾಯನಿಕವೂ ಇದೆ, ಕ್ಸಾಂಥುರೆನಿಕ್ ಆಸಿಡ್. ಅದನ್ನು ಗುರುತಿಸಿದ್ದು 1998ರಲ್ಲಿ, ಲಾವೆರಾನ್ ನೋಡಿ 118 ವರ್ಷ ಆದಮೇಲೆ!

ಈ ಸೂಚನೆಗಳು ಸೇರಿದರೆ ಪರಾವಲಂಬಿಯೊಳಗೆ ಕ್ಯಾಲ್ಸಿಯಂ ಸರ್ರನೆ ಏರುತ್ತದೆ. ಗಂಡು ರೂಪವು ತನ್ನ ಡಿಎನ್ಎಯನ್ನು ಮೂರು ಸಲ ಇಮ್ಮಡಿಸಿ, ಹತ್ತು ಹದಿನೈದು ನಿಮಿಷದಲ್ಲಿ ಎಂಟು ಈಜುವ ಎಳೆಗಳನ್ನು ಹೊರಬಿಡುತ್ತದೆ. ಇಷ್ಟು ಬೇಗ ಇಷ್ಟು ಕೆಲಸ, ನಿಜಕ್ಕೂ ಬೆರಗು ಅಲ್ವಾ?

ಮನುಷ್ಯನ ರಕ್ತದಲ್ಲಿರುವಾಗಲೂ ಅದು ಸುಮ್ನೆ ಕೂತಿರುವುದಿಲ್ಲ. ಲೈಸೊಫಾಸ್ಫಾಟಿಡೈಲ್‌ಕೋಲಿನ್ ಎಂಬ ಕೊಬ್ಬಿನಂಶ ಕಡಿಮೆಯಾದರೆ, ಮುಂದೆ ಸೊಳ್ಳೆಗೆ ದಾಟಬಲ್ಲ ಗಂಡು ಹೆಣ್ಣು ರೂಪಗಳು ಜಾಸ್ತಿ ತಯಾರಾಗುತ್ತವೆ ಅಂತ 2017ರಲ್ಲಿ ತಿಳಿಯಿತು.

ನನಗೆ ಇದೆಲ್ಲದರಲ್ಲಿ ಭರವಸೆ ಕಾಣುವುದು ಆ ಕ್ಯಾಲ್ಸಿಯಂ ಹಂತದಲ್ಲೇ. ಅಲ್ಲಿ ಕೆಲಸ ಮಾಡುವ ಸಿಡಿಪಿಕೆ4 ಎಂಬ ಕಿಣ್ವದ ಬಳಗ ಗಿಡಗಳಲ್ಲಿದೆ, ಮನುಷ್ಯರಲ್ಲಿಲ್ಲ. ಅದೊಂದನ್ನೇ ತಡೆಯುವ ಔಷಧಿ ಸಿಕ್ಕರೆ ರೋಗಿಯ ಜ್ವರ ಇಳಿಯುವುದಿಲ್ಲ, ಆದರೆ ಅವರನ್ನು ಕಚ್ಚಿದ ಸೊಳ್ಳೆ ಮುಂದಿನವರಿಗೆ ರೋಗ ಹೊತ್ತೊಯ್ಯಲಾರದು.