ಹೋಗುವಾಗ ಎದುರುಗಾಳಿ, ಬರುವಾಗ ಬೆನ್ನುಗಾಳಿ

ಮುಂಬೈ ಸುತ್ತಿನ ಡೊಂಬಿವಲಿ, ಮಾಟುಂಗಾ ಕಡೆಯ ಕನ್ನಡದ ಮನೆಗಳಲ್ಲಿ ಅಮೆರಿಕದ ಮಕ್ಕಳನ್ನು ನೋಡಲು ಹೊರಟ ಹಿರಿಯರು ಟಿಕೆಟ್ ನೋಡಿದ ಕೂಡಲೇ ಕೇಳುತ್ತಾರೆ: "ಅಲ್ಲ ಮಗಾ, ದೂರ ಅಷ್ಟೇ ಅಲ್ವಾ? ಹೋಗುವಾಗ ಯಾಕೆ ಜಾಸ್ತಿ ಹೊತ್ತು?" ಸುಮ್ನೆ ತಳ್ಳಿಹಾಕುವ ಪ್ರಶ್ನೆಯಲ್ಲ ಇದು.

ಮೊದಲು ದೂರ ನೋಡೋಣ. ಮುಂಬೈಯಿಂದ ನ್ಯೂಯಾರ್ಕ್‌ಗೆ ಸುಮಾರು 12,500 ಕಿ.ಮೀ. ದುಂಡಗಿನ ಭೂಮಿಯನ್ನು ಚಪ್ಪಟೆಯಾಗಿ ಬಿಡಿಸಿದ ಮರ್ಕೇಟರ್ ನಕ್ಷೆಯ ಮೇಲೆ ಸ್ಕೇಲ್ ಇಟ್ಟು ಗೆರೆ ಎಳೆದರೆ ಅದು ಅರೇಬಿಯಾ, ಸಹಾರಾ ದಾಟಿ ಅಟ್ಲಾಂಟಿಕ್‌ಗೆ ಹೋಗುತ್ತದೆ. ಆ ಗೆರೆ ಹಿಡಿದು ಹಾರಿದರೆ ಸುಮಾರು 14,200 ಕಿ.ಮೀ. ಆದೀತು! ಮನೆಯಲ್ಲಿ ಗ್ಲೋಬ್ ಇದ್ದರೆ ಎರಡೂ ಊರಿನ ಮೇಲೆ ದಾರ ಇಟ್ಟು ಬಿಗಿಯಾಗಿ ಎಳೆಯಿರಿ. ದಾರ ತಾನಾಗಿಯೇ ಉತ್ತರಕ್ಕೆ ಜರುಗುತ್ತದೆ. ರಷ್ಯಾ, ಫಿನ್ಲೆಂಡ್, ಐಸ್‌ಲ್ಯಾಂಡ್ ಹಾದು ಗ್ರೀನ್‌ಲ್ಯಾಂಡ್‌ನ ದಕ್ಷಿಣ ತುದಿಯ ಪಕ್ಕದಲ್ಲಿ ಕೆಳಗಿಳಿಯುತ್ತದೆ. ದುಂಡಗಿನ ಭೂಮಿಯ ಮೇಲೆ ಹತ್ತಿರದ ದಾರಿ ಅದೇ.

ಇನ್ನು ಗಾಳಿ. ಸುಮಾರು 10 ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಎಂಬ ಗಾಳಿಯ ಹೊಳೆ ಹರಿಯುತ್ತದೆ. ಪಶ್ಚಿಮದ ಅಮೆರಿಕಕ್ಕೆ ಹೋಗುವಾಗ ಅದು ಎದುರು, ಬರುವಾಗ ಬೆನ್ನಿಗೆ. ಒಮ್ಮೊಮ್ಮೆ ಗಂಟೆಗೆ 300 ಕಿ.ಮೀ. ದಾಟುತ್ತದೆ. ಪಶ್ಚಿಮಕ್ಕೆ ಹಾರಿದರೆ ಭೂಮಿ ತಿರುಗಿ ಊರೇ ಎದುರು ಬರುತ್ತದೆ, ಬೇಗ ಮುಟ್ಟಬೇಕಲ್ವಾ ಅಂತ ಕೆಲವರು ಹೇಳುವುದುಂಟು. ಅದು ಸರಿಯಲ್ಲ, ಗಾಳಿಯೂ ವಿಮಾನವೂ ಭೂಮಿಯ ಜೊತೆಗೇ ತಿರುಗುತ್ತಿರುತ್ತವೆ. ಆದರೆ ಬಿಸಿಯಾದ ಉಷ್ಣವಲಯದಿಂದ ತಣ್ಣನೆಯ ಧ್ರುವದ ಕಡೆ ಹೊರಟ ಗಾಳಿಯನ್ನು ಪೂರ್ವಕ್ಕೆ ತಿರುಗಿಸುವುದು ಭೂಮಿಯ ಈ ಸುತ್ತಾಟವೇ. ಚಳಿಗಾಲದಲ್ಲಿ ಎರಡು ಕಡೆಯ ಬಿಸಿ–ತಂಪಿನ ಅಂತರ ಜಾಸ್ತಿ, ಹಾಗಾಗಿ ಗಾಳಿಯ ಜೋರೂ ಜಾಸ್ತಿ.

ಲೆಕ್ಕ ಹಾಕಿ ನೋಡಿ. ವಿಮಾನದ ವೇಗ ಗಂಟೆಗೆ 900 ಕಿ.ಮೀ., ಗಾಳಿಯದು ಸರಾಸರಿ 70 ಅಂದುಕೊಳ್ಳಿ. ಎದುರುಗಾಳಿಯಲ್ಲಿ 12,500 ಕಿ.ಮೀ.ಗೆ 15 ಗಂಟೆ ಬೇಕು. ಬೆನ್ನಿಗೆ ಗಾಳಿ ಇದ್ದರೆ 13 ಗಂಟೆಯೊಳಗೆ ಮುಗಿಯುತ್ತದೆ. 2020ರ ಫೆಬ್ರವರಿಯಲ್ಲಿ ಸಿಯಾರಾ ಬಿರುಗಾಳಿಯ ಹೊತ್ತಲ್ಲಿ ನ್ಯೂಯಾರ್ಕ್‌ನಿಂದ ಹೊರಟ ಬ್ರಿಟಿಷ್ ಏರ್‌ವೇಸ್ ವಿಮಾನ 5 ಗಂಟೆಯೊಳಗೆ ಲಂಡನ್ ಮುಟ್ಟಿತ್ತು! ಅದಕ್ಕೇ ದಿನದಿನದ ಗಾಳಿ ನೋಡಿ ದಾರಿ ಗೊತ್ತುಮಾಡುತ್ತಾರೆ. ಕಿಲೋಮೀಟರ್ ಜಾಸ್ತಿಯಾದರೂ ಹೊತ್ತು ಉಳಿಯುವುದುಂಟು.

ದೇಶಗಳ ಜಗಳವೂ ದಾರಿ ಬದಲಿಸುತ್ತದೆ. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ಭಾರತದ ವಿಮಾನಗಳಿಗೆ ತನ್ನ ಆಕಾಶ ಮುಚ್ಚಿದಾಗ ಪಶ್ಚಿಮಕ್ಕೆ ಹೋಗುವವು ಸುತ್ತು ಬಳಸಿ ಹಾರಬೇಕಾಯಿತು.

ಹತ್ತಿರದ ಊರಿಗೆ ಲೆಕ್ಕವೇ ಬೇರೆ. ಮುಂಬೈ–ಮಂಗಳೂರು ಸುಮಾರು 715 ಕಿ.ಮೀ. ಒಂದು ಗಂಟೆ ಸಾಕಲ್ವಾ? ಟಿಕೆಟ್‌ನಲ್ಲಿ ಒಂದೂವರೆ ಗಂಟೆಯ ಹತ್ತಿರ ಇರುತ್ತದೆ. ಈ ಗೇಟ್ ಬಿಟ್ಟಾಗಿನಿಂದ ಆ ಗೇಟ್ ಸೇರುವವರೆಗಿನ ಹೊತ್ತು ಅದು. ಮುಂಬೈಯ ಎರಡು ರನ್‌ವೇಗಳು ಒಂದನ್ನೊಂದು ಅಡ್ಡ ದಾಟುತ್ತವೆ, ಒಮ್ಮೆಗೆ ಒಂದೇ ಬಳಸಬೇಕು. ಸಾಲು ಕಾಯುವುದು, ಮೇಲೆ ಸುತ್ತು ಹೊಡೆಯುವುದು ಮಾಮೂಲು. ಆ ಹೊತ್ತನ್ನು ವಿಮಾನ ಕಂಪನಿಗಳು ಮೊದಲೇ ಸೇರಿಸಿರುತ್ತವೆ. ತಡವಾಗಿ ಹೊರಟ ವಿಮಾನ ಒಮ್ಮೊಮ್ಮೆ ಸರಿಯಾದ ಹೊತ್ತಿಗೇ ಮುಟ್ಟುವುದು ಇದರಿಂದಲೇ.